ಅಕ್ಕೋರ ಕಥೆಗೆ ಬಾಪಿಯ ಹೂಂ

ಕಸ್ಬಾದ ನಮ್ಮ ಕಟ್ಟಡದಲ್ಲಿ ಮೆಟ್ಟಿಲಿಳಿಯುವವರೆಲ್ಲ ಕೊನೆಯ ಸುತ್ತಿಗೆ ಬಂದಾಗ ಚಪ್ಪಲಿಯ ಸದ್ದು ತಗ್ಗಿಸುತ್ತಿದ್ದರು. ನೆಲಮಹಡಿಯ ಮನೆಯ ಕಿಟಕಿ ಮೆಟ್ಟಿಲ ಕಡೆಗೇ ತೆರೆದುಕೊಂಡಿತ್ತು, ಆ ಕಿಟಕಿಯಲ್ಲಿ ಅಕ್ಕೋರು ಕೂತಿರುತ್ತಿದ್ದರು. ಅವರ ಕೈಗೆ ಸಿಕ್ಕವರ ಬಸ್ಸು ತಪ್ಪುತ್ತಿತ್ತು, ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು, ಒಮ್ಮೆ ಮೇಲಿನ ಮನೆಯ ಬಂಗಾಳಿ ವಕೀಲರಿಗೆ ಅಲಿಪುರದ ಕೋರ್ಟಿನ ವಾಯಿದೆಯೇ ತಪ್ಪಿಹೋಯಿತು. ವಕೀಲರಿಗೆ ಕನ್ನಡ ಬಾರದು, ಅಕ್ಕೋರಿಗೆ ಬಂಗಾಳಿ ಬಾರದು. ಅದರಿಂದ ಮಾತಿಗೇನೂ ತೊಂದರೆಯಾಗಿರಲಿಲ್ಲ.

ಅವರು ತೀರಿಕೊಂಡು ಎರಡು ತಿಂಗಳಾಗುತ್ತಾ ಬಂತು. ಈಗಲೂ ಅಲ್ಲಿಗೆ ಬಂದಾಗ ನನ್ನ ಕಾಲು ತಾನಾಗಿ ತುದಿಬೆರಳ ಮೇಲೆ ನಿಲ್ಲುತ್ತದೆ. ಆಮೇಲೆ ನೆನಪಾಗುತ್ತದೆ, ಆಮೇಲೆ ತುಂಬ ಬೇಸರವಾಗುತ್ತದೆ.

ಅಕ್ಕೋರು ಅಂದರೆ ಧಾರವಾಡದ ಕಡೆ ಶಾಲೆಯ ಟೀಚರಮ್ಮ. ಇವರು ಒಂದು ದಿನವೂ ಪಾಠ ಹೇಳಿದವರಲ್ಲ. ಆದರೆ ಅವರೆದುರು ಕೂತವರು ಅವರು ಬಿಡುವ ತನಕ ಏಳುವಂತಿರಲಿಲ್ಲವಾದ್ದರಿಂದ ಕೊಲ್ಕತ್ತದ ನಾವು ನಾಲ್ಕು ಮನೆ ಕನ್ನಡದವರು ಸೇರಿ ಆ ಹೆಸರು ಕೊಟ್ಟಿದ್ದೆವು. ಯಜಮಾನರು ರೈಲ್ವೆಯಿಂದ ನಿವೃತ್ತರಾದ ಮೇಲೂ ಅವರು ಊರಿಗೆ ಹೋಗಲಿಲ್ಲ. ಯಾಕೆ ಅಂತ ಕೇಳಿದರೆ, "ಇಲ್ಲಿ ಮಂದಿ ಕುಂತು ಮಾತಾಡ್ತಾರ್ರೀ. ನಮ್ಮ ಕಡೆ ಈಗ ಎಲ್ಲಾರಿಗೂ ಅವಸರ," ಅನ್ನುತ್ತಿದ್ದರು. ಕೊಲ್ಕತ್ತದ ಹರಟೆಯನ್ನು ಇಷ್ಟು ಗಂಭೀರವಾಗಿ ಮೆಚ್ಚಿ ಇಲ್ಲೇ ನೆಲೆ ನಿಂತವರನ್ನು ನಾನು ಬೇರೆ ಕಂಡಿಲ್ಲ.

ಅವರ ಮಾತಿಗೆ ಒಂದು ಕಟ್ಟಳೆಯಿತ್ತು. ಕೇಳುವವರು ನಡುನಡುವೆ ಹೂಂ ಅನ್ನಬೇಕು. ಚಿಕ್ಕಂದಿನಲ್ಲಿ ಅಜ್ಜಿಯಂದಿರು ಕಥೆ ಹೇಳುವಾಗ ನಾವೆಲ್ಲ ಹೂಂಗುಟ್ಟಿದವರೇ. ಹೂಂ ನಿಂತರೆ ಮಗು ಮಲಗಿತು ಅಂತ ಅಜ್ಜಿ ದೀಪ ಆರಿಸುತ್ತಿದ್ದರು. ಅಕ್ಕೋರು ದೊಡ್ಡವರಿಗೂ ಅದೇ ಕಾನೂನು ಹಾಕಿದ್ದರು. ಹೂಂ ತಪ್ಪಿದರೆ ತಟ್ಟನೆ ನಿಲ್ಲಿಸಿ, "ಯಾಕ, ನಿದ್ದಿ ಬಂತೇನು?" ಎಂದು ಕೇಳಿ, ಕಥೆಯನ್ನು ಮೊದಲಿನಿಂದ ಶುರು ಮಾಡುತ್ತಿದ್ದರು. ಆ ಭಯಕ್ಕೆ ಎಲ್ಲರೂ ಹೂಂಗುಟ್ಟುತ್ತಿದ್ದೆವು.

ಎಲ್ಲರಿಗಿಂತ ಪಳಗಿದವರು ಅವರ ಯಜಮಾನರು. ಪೇಪರ್ ಓದುತ್ತಲೂ ಹೂಂ, ಗಡ್ಡ ಹೆರೆಯುತ್ತಲೂ ಹೂಂ. ಮಧ್ಯಾಹ್ನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದಾಗಲೂ ಎರಡು ಗೊರಕೆಗಳ ನಡುವೆ ಸರಿಯಾಗಿ ಒಂದು ಹೂಂ ಬೀಳುತ್ತಿತ್ತು. ಅಕ್ಕೋರು ಅದನ್ನು ನನಗೆ ತೋರಿಸಿ ಹೇಳಿದ್ದುಂಟು: "ಕೇಳಿದ್ರಿ? ಇದು ಸುಳ್ಳ ಹೂಂ. ಖರೇ ಹೂಂ ಒಂಚೂರು ತಡಾ ಮಾಡಿ ಬರ್ತದ. ಮಾತು ಕಿವಿಗೆ ಬಿದ್ದು, ತಲಿಗೆ ಹೋಗಿ, ಆಮ್ಯಾಲ ಬರಬೇಕಲ್ಲ? ಇದು ನೋಡ್ರಿ, ಗಡಿಯಾರ ಹೊಡದಂಗ ಬರ್ತದ. ಮದುವ್ಯಾದ ದಿವಸದಿಂದ ಕೇಳಾಕತ್ತೀನಿ, ನನಗ ಗೊತ್ತಾಗೂದಿಲ್ಲೇನು?"

"ಹೂಂ," ಅಂದರು ಯಜಮಾನರು, ನಿದ್ದೆಯಲ್ಲಿ.

ಇನ್ನು ಬಾಪಿಯ ವಿಷಯ ಹೇಳಬೇಕು. ಬಾಪಿ ನಮ್ಮ ಕಟ್ಟಡದ ಮತ್ತು ಅಕ್ಕಪಕ್ಕದ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವ್ಯಾನಿನ ಡ್ರೈವರ್. ಮೂವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಮೆಲುಮಾತಿನವನು, ಮಕ್ಕಳ ಬ್ಯಾಗನ್ನು ಹೂವಿನ ಬುಟ್ಟಿ ಇಳಿಸಿದ ಹಾಗೆ ಇಳಿಸುತ್ತಿದ್ದ. ನನ್ನ ಮಗಳಿಗೆ ಆಗ ಏಳೆಂಟು ವರ್ಷ. ಮನೆಯಲ್ಲಿ ನಾವು ಮೈಸೂರಿನ ಕನ್ನಡದಲ್ಲಿ ಮಾತಾಡಿದರೆ ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಕಲಬೆರಕೆ. ಒಂದು ಮಧ್ಯಾಹ್ನ ಕುಣಿಯುತ್ತಾ ಬಂದು, "ಅಪ್ಪಾ, ಟುಡೇ ಐ ವನ್!" ಅಂದಳು.

"ಏನಮ್ಮ ಆಟ?"

"ಬಾಪಿ ಕಾಕು ಸಿಗ್ನಲ್‌ನಲ್ಲಿ ನಿದ್ದೆ ಮಾಡ್ತಾರಲ್ಲ? ಗ್ರೀನ್ ಆದ ತಕ್ಷಣ ನಾವೆಲ್ಲ 'ಸೊಬುಜ್' ಅಂತ ಕಿರುಚಬೇಕು. ಯಾರು ಫಸ್ಟೋ ಅವರು ವಿನ್."

ಸೊಬುಜ್ ಅಂದರೆ ಬಂಗಾಳಿಯಲ್ಲಿ ಹಸಿರು. ನನಗೆ ಮಾತ್ರ ಕಣ್ಣಿಗೆ ಕತ್ತಲು ಬಂತು. ಶಾಲೆ ಇದ್ದದ್ದು ಅಲಿಪುರದ ಕಡೆ. ಕಸ್ಬಾದಿಂದ ರೈಲು ಸೇತುವೆ ಹತ್ತಿ, ಗರಿಯಾಹಾಟಿನ ಗದ್ದಲ ದಾಟಿ, ಬಸ್ಸು ಲಾರಿಗಳ ನಡುವೆ ಹೋಗಬೇಕು. ವ್ಯಾನ್ ತುಂಬ ಮಕ್ಕಳು ತಮ್ಮ ಡ್ರೈವರನ್ನು ಎಬ್ಬಿಸುವ ಪಂದ್ಯ ಆಡಿಕೊಂಡು ಎಷ್ಟು ದಿನದಿಂದ ಹೋಗಿ ಬರುತ್ತಿದ್ದರೋ ದೇವರೇ ಬಲ್ಲ.

ಪಾಲಕರ ವಾಟ್ಸಾಪ್ ಗುಂಪು ಹೊತ್ತಿಕೊಂಡಿತು. ಬಾಪಿಯನ್ನು ಕರೆಸಿ ಕೇಳಿದೆವು. ಅವನು ತಲೆ ತಗ್ಗಿಸಿ ನಿಜ ಹೇಳಿದ. ರಾತ್ರಿ ಬೇರೊಬ್ಬರ ಆ್ಯಪ್ ಟ್ಯಾಕ್ಸಿ ಓಡಿಸುತ್ತಾನೆ, ಬೆಳಗಾಗುವಾಗ ಅದನ್ನು ಬಿಟ್ಟು ನೇರ ವ್ಯಾನ್ ಹತ್ತುತ್ತಾನೆ. ಒಂದು ಗಾಡಿಯಿಂದ ಮನೆ ನಡೆಯುವುದಿಲ್ಲ. ತೆಗೆದುಹಾಕೋಣ ಅಂದರು ಕೆಲವರು. ನಡುವರ್ಷದಲ್ಲಿ ಇನ್ನೊಂದು ವ್ಯಾನ್ ಸಿಗುವುದಿಲ್ಲ ಅಂದರು ಉಳಿದವರು. ಕೊನೆಗೆ ದೊಡ್ಡವರೊಬ್ಬರು ಮುಂದಿನ ಸೀಟಿನಲ್ಲಿ ಕೂತು ಅವನನ್ನು ಎಚ್ಚರವಾಗಿಡಬೇಕು ಅಂತ ಆಯಿತು. ಯಾರು ಹೋಗುವುದು? ಎಲ್ಲರಿಗೂ ಆಫೀಸು.

"ನಾ ಹೋಗ್ತೀನಿ," ಅಂತ ಕಿಟಕಿಯಿಂದ ದನಿ ಬಂತು. "ನನ್ನ ಮುಂದ ಯಾವಾ ಮಕ್ಕೋತಾನ ನೋಡೇಬಿಡೂಣು."

ಅವರ ಮೊಮ್ಮಕ್ಕಳು ಯಾರೂ ಆ ವ್ಯಾನಿನಲ್ಲಿರಲಿಲ್ಲ. ಆದರೂ ಸಭೆ ಒಮ್ಮತದಿಂದ ಒಪ್ಪಿತು. ಡ್ರೈವರ್ ಎಚ್ಚರವಾಗಿರುತ್ತಾನೆ ಅನ್ನುವುದು ಒಂದು ಸಂತೋಷ, ಬೆಳಗ್ಗೆ ಮೆಟ್ಟಿಲು ಖಾಲಿ ಇರುತ್ತದೆ ಅನ್ನುವುದು ಇನ್ನೊಂದು. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ವಕೀಲರ ಮುಖ ನೋಡಿದರೆ ತಿಳಿಯುತ್ತಿತ್ತು.

ಹಾಗೆ ಅಕ್ಕೋರು ವ್ಯಾನ್ ಹತ್ತಿದರು. ಮಕ್ಕಳಿಗೆ ಮರುದಿನವೇ ದಿದಾ ಆದರು, ಅಂದರೆ ಬಂಗಾಳಿ ಅಜ್ಜಿ. ಬಾಪಿಗೆ ಮಾಶಿಮಾ, ಅಂದರೆ ಚಿಕ್ಕಮ್ಮ. ಅವನಿಗೆ ಕಲಿಸಿದ ಮೊದಲ ಪಾಠ ಹೂಂ. ಅರ್ಧ ಹಿಂದಿ, ಮುಕ್ಕಾಲು ಧಾರವಾಡದ ಕನ್ನಡದಲ್ಲಿ ಅವರ ನಾದಿನಿಯ ಲಗ್ನ, ಆ ಲಗ್ನದಲ್ಲಿ ಕಳೆದುಹೋದ ಬೀಗರ ಕೊಡೆ, ಕೊಡೆಗಾಗಿ ನಡೆದ ಜಗಳ, ಎಲ್ಲ ದಿನಕ್ಕೊಂದು ಕಂತಿನಂತೆ ಗರಿಯಾಹಾಟಿನ ಮೂಲಕ ಹಾದುಹೋಗುತ್ತಿತ್ತು. ಬಾಪಿ "ಹೂಂ ಮಾಶಿಮಾ" ಅನ್ನುತ್ತಿದ್ದ. ಮಾತು ಸಾಲದು ಅನ್ನಿಸಿದ ದಿನ ಅಕ್ಕೋರು ಡಬ್ಬಿಯಿಂದ ರೊಟ್ಟಿ ಮತ್ತು ರಂಜಕ ತೆಗೆದು ಕೊಡುತ್ತಿದ್ದರು. ಆ ಕೆಂಪು ಮೆಣಸಿನಕಾಯಿ ಚಟ್ನಿ ತಿಂದ ಬಾಪಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಅಳುವವನು ನಿದ್ದೆ ಮಾಡುವುದಿಲ್ಲ" ಅಂತ ನಾವೆಲ್ಲ ಸಮಾಧಾನಪಟ್ಟುಕೊಂಡೆವು.

ಸೊಬುಜ್ ಆಟ ನಿಂತುಹೋಯಿತು. ನನ್ನ ಮಗಳಿಗೆ ಕನ್ನಡ ಬಂತು. ಒಂದು ಸಂಜೆ ನಾನು ಆಫೀಸಿನಿಂದ ಬಂದು ಕೂತರೆ, "ಅಪ್ಪಾ, ಯಾಕ ಹಿಂಗ ಕುಂತೀ? ಚಾ ಮಾಡಾಕ ಹೇಳ್ಲೇನು ಅಮ್ಮಗ?" ಅಂದಳು. ಮೈಸೂರಿನಲ್ಲಿರುವ ನನ್ನ ತಾಯಿ ಫೋನಿನಲ್ಲಿ ಇದನ್ನು ಕೇಳಿ, ಕೊಲ್ಕತ್ತದಲ್ಲಿ ಕನ್ನಡ ಹೀಗೆ ಮಾತಾಡುತ್ತಾರಾ ಅಂತ ಕೇಳಿದರು.

ಎಲ್ಲ ಸರಿಹೋಯಿತು ಅಂತ ನಾವು ನಂಬಿಕೊಂಡಿದ್ದಾಗ ಆ ಬೇಸಗೆಯ ಮಧ್ಯಾಹ್ನ ಬಂತು.

ನನ್ನ ಆಫೀಸು ಅಲಿಪುರದಲ್ಲೇ. ಊಟದ ಡಬ್ಬಿ ತೆರೆಯುತ್ತಿದ್ದೆ, ಹೆಂಡತಿಯ ಫೋನು. ವ್ಯಾನ್ ಇನ್ನೂ ಬಂದಿಲ್ಲ, ಬಾಪಿ ಫೋನ್ ಎತ್ತುತ್ತಿಲ್ಲ. ನಾನು ಅಕ್ಕೋರಿಗೆ ಮಾಡಿದೆ. ಅವರು ಎತ್ತಿದರು. ಪಿಸುದನಿಯಲ್ಲಿ, "ಝೂ ಬಾಜೂಕ ಗಿಡದ ನೆಳ್ಳಾಗ ಅದೀವಿ. ಎಲ್ಲಾರೂ ಆರಾಮ. ಆಮ್ಯಾಲ," ಅಂದು ಇಟ್ಟುಬಿಟ್ಟರು.

ಅಕ್ಕೋರು ತಾವಾಗಿ ಫೋನ್ ಇಟ್ಟರು! ನಾನು ಹೆದರಿದ್ದು ಅದಕ್ಕೇ. ಏನೋ ಭಾರಿ ಅನಾಹುತವೇ ಆಗಿರಬೇಕು ಅಂತ ಟ್ಯಾಕ್ಸಿ ಹಿಡಿದು ಓಡಿದೆ.

ಮೃಗಾಲಯದ ಪಕ್ಕದ ರಸ್ತೆಯಲ್ಲಿ ದೊಡ್ಡ ಮರಗಳ ಕೆಳಗೆ ವ್ಯಾನ್ ನಿಂತಿತ್ತು, ಬಾಗಿಲುಗಳೆಲ್ಲ ತೆರೆದಿದ್ದವು. ಒಳಗೆ ಮಕ್ಕಳು ತುಟಿಯ ಮೇಲೆ ಬೆರಳಿಟ್ಟು ಸಾಲಾಗಿ ಕೂತಿದ್ದರು. ಡ್ರೈವರ್ ಸೀಟನ್ನು ಹಿಂದಕ್ಕೆ ಒರಗಿಸಿ ಬಾಪಿ ಮಲಗಿದ್ದ, ಎದೆ ಮೆಲ್ಲಗೆ ಏರಿಳಿಯುತ್ತಿತ್ತು. ಪಕ್ಕದಲ್ಲಿ ಅಕ್ಕೋರು ಯಾವುದೋ ಮಗುವಿನ ಡ್ರಾಯಿಂಗ್ ಪುಸ್ತಕದಿಂದ ಅವನಿಗೆ ಗಾಳಿ ಹಾಕುತ್ತಿದ್ದರು. ಅವರ ಸೆರಗಿನ ತುದಿಯಲ್ಲಿ ಒಂದು ಗಂಟು. ಗಂಟಿನಿಂದ ವ್ಯಾನಿನ ಕೀಲಿಯ ಬಳೆ ಹೊರಗೆ ಕಾಣುತ್ತಿತ್ತು.

ನಾನು ಬಾಯಿ ತೆರೆದೆ. ಅಕ್ಕೋರು ತುಟಿಯ ಮೇಲೆ ಬೆರಳಿಟ್ಟರು. ನಾನು ಕೈಸನ್ನೆಯಲ್ಲಿ ಏನಾಯಿತು ಅಂತ ಕೇಳಿದೆ. ಅವರು ತಲೆಯಾಡಿಸಿ, ಮತ್ತೆ ಬೆರಳಿಟ್ಟರು. ಎಷ್ಟೋ ವರ್ಷ ಈ ಹೆಂಗಸಿನ ಮಾತಿನಿಂದ ತಪ್ಪಿಸಿಕೊಂಡು ಓಡಾಡಿದವನು ನಾನು, ಅವತ್ತು ಬಿಸಿಲಲ್ಲಿ ನಿಂತು ಒಂದೇ ಒಂದು ಮಾತಾಡಿ ಅಂತ ಅವರನ್ನು ಕೈಮುಗಿದು ಬೇಡುತ್ತಿದ್ದೆ. ಅವರು ಆಡಲಿಲ್ಲ. ಸುಮ್ಮನೆ ಗಾಳಿ ಹಾಕುತ್ತಾ ಕೂತರು. ಅವರ ಕಣ್ಣು ಕೆಂಪಾಗಿದ್ದುದನ್ನು ನಾನು ಆಗಲೇ ನೋಡಿದ್ದು. ಹೆದರಿ ಅತ್ತಿದ್ದರು.

ಬಾಪಿ ತಾನಾಗಿ ಎದ್ದು, ರಸ್ತೆಬದಿಯ ನಲ್ಲಿಯಲ್ಲಿ ಮುಖ ತೊಳೆದುಕೊಂಡ ಮೇಲೆಯೇ ಸೆರಗಿನ ಗಂಟು ಬಿಚ್ಚಿತು.

ಸಂಜೆ ಕಟ್ಟಡದ ಅಂಗಳದಲ್ಲಿ ಪಾಲಕರೆಲ್ಲ ಸೇರಿದರು. ಅಕ್ಕೋರು ಆಗ ಹೇಳಿದ್ದು ಇಷ್ಟು. ನಾದಿನಿಯ ಲಗ್ನದ ಕಥೆ ನಡೆದಿತ್ತು, ಬಾಪಿ ಹೂಂಗುಟ್ಟುತ್ತಿದ್ದ. ಗಂಟಲು ಒಣಗಿ ಅವರು ನೀರಿನ ಬಾಟ್ಲಿ ಎತ್ತಿ ಕುಡಿದರು. ಕುಡಿಯುತ್ತಿರುವಾಗಲೇ ಪಕ್ಕದಿಂದ "ಹೂಂ" ಬಂತು.

"ನಾ ಮಾತೇ ಆಡಿಲ್ಲ, ಹೂಂ ಬಂತ್ರೀ!" ಅಂದರು ಅಕ್ಕೋರು. "ಹೊಳ್ಳಿ ನೋಡಿದ್ನಿ, ಕಣ್ಣು ತೆರದಾವ, ಒಳಗ ಅವಾ ಇಲ್ಲ. ಮುಂದ ಬಸ್ಸು ನಿಂತದ. 'ಬಾಪೀ' ಅಂತ ಒದರಿ ತೋಳು ಹಿಡದು ಜಗ್ಗಿದ್ನಿ, ಬ್ರೇಕು ಹಾಕಿದ. ಇಷ್ಟ ಜಾಗಾ ಉಳದಿತ್ತು ನೋಡ್ರಿ, ಇಷ್ಟ."

ಎರಡು ಕೈಗಳ ನಡುವೆ ಅವರು ತೋರಿಸಿದ ಜಾಗದಲ್ಲಿ ಒಂದು ಟಿಫಿನ್ ಡಬ್ಬಿ ಹಿಡಿಸಬಹುದಿತ್ತು.

"ಮದುವ್ಯಾದಾಗಿಂದ ಕೇಳಿದ ಹೂಂ ಅದು, ನಾ ಗುರುತು ಹಿಡೀಲಿಲ್ಲ," ಅಂದರು. "ನನ್ನ ಮಾತಿಗೆ ನಿದ್ದಿ ಓಡ್ತದ ಅನ್ಕೊಂಡಿದ್ದೆ. ನನ್ನ ಮಾತಿಗೆ ನಿದ್ದಿ ಬರ್ತದ್ರೀ. ನಮ್ಮ ಮನಿಯವ್ರನ್ನ ಕೇಳ್ರಿ ಬೇಕಾದ್ರ."

ಯಜಮಾನರು ಹೂಂ ಅನ್ನಲು ಹೋಗಿ ತಡೆದುಕೊಂಡರು.

ಬಾಪಿಯನ್ನು ಈಗಿಂದೀಗ ಬಿಡಿಸಬೇಕು ಅಂತ ಗದ್ದಲವೆದ್ದಿತು. ಗದ್ದಲ ಮಾಡಿದವರಲ್ಲಿ ನಾನೂ ಒಬ್ಬ, ಮಗಳ ತಂದೆ ಇನ್ನೇನು ಮಾಡಿಯಾನು. ಬಾಪಿ ಗೇಟಿನ ಹತ್ತಿರ ನಿಂತಿದ್ದ. ಅಕ್ಕೋರು ನನ್ನ ಕಡೆ ತಿರುಗಿ ಕೇಳಿದರು: "ಬಿಡಸ್ರಿ. ನಾಳೆ ಬರಾವ ರಾತ್ರಿ ಏನು ಮಾಡ್ತಾನ ಅಂತ ನಿಮಗ ಗೊತ್ತೇನು? ಇವಂದು ಗೊತ್ತಾತು. ಇವಗ ನಿದ್ದಿ ಬೇಕು, ಅಷ್ಟ. ರಂಜಕ ಬ್ಯಾಡ, ಚಾ ಬ್ಯಾಡ, ನನ್ನ ಕಥೀನೂ ಬ್ಯಾಡ. ನಿದ್ದಿಗೆ ನಿದ್ದೀನ ಕೊಡಬೇಕು." ಆಮೇಲೆ ಬಾಪಿಗೆ ಹಿಂದಿಯಲ್ಲಿ ಹುಕುಂ ಆಯಿತು. ಅರ್ಧ ರಾತ್ರಿಗೆ ಟ್ಯಾಕ್ಸಿ ನಿಲ್ಲಿಸಬೇಕು. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟವನು ಸೀದಾ ಇಲ್ಲಿಗೆ ಬಂದು, ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗಬೇಕು. ಶಾಲೆ ಬಿಡುವ ಹೊತ್ತಿಗೆ ತಾವೇ ಎಬ್ಬಿಸುತ್ತಾರೆ. ಮಲಗದ ದಿನ ಕೀಲಿ ಸಿಗುವುದಿಲ್ಲ.

ಮರುದಿನದಿಂದ ಆ ಮನೆಯಲ್ಲಿ ನಡೆದದ್ದನ್ನು ಕಣ್ಣಾರೆ ನೋಡದವರು ನಂಬುವುದಿಲ್ಲ. ಬಾಪಿ ಬಂದು ಗೋಡೆಯ ಪಕ್ಕ ಉರುಳಿಕೊಂಡ ಕೂಡಲೇ ಅಕ್ಕೋರ ಬಾಯಿ ಮುಚ್ಚುತ್ತಿತ್ತು. ಕುಕ್ಕರಿನ ಸೀಟಿಗೆ ಎದ್ದಾನು ಅಂತ ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸತೊಡಗಿದರು. ಯಜಮಾನರಿಗೆ ಪೇಪರ್ ಹಾಳೆ ತಿರುವಬೇಕಾದರೆ ಬಚ್ಚಲಿಗೆ ಹೋಗಬೇಕು ಅಂತ ಆಜ್ಞೆ. ಗಲ್ಲಿಯಲ್ಲಿ ಕೂಗಿಕೊಂಡು ಬರುವ ಮೀನಿನವನನ್ನು ಕಂಡರೆ, ಹುಟ್ಟಿದಾಗಿನಿಂದ ಮೀನು ಮುಟ್ಟದ ಈ ಲಿಂಗಾಯತ ಹೆಂಗಸು ಸೆರಗು ಸಿಕ್ಕಿಸಿಕೊಂಡು ಬೀದಿಗೆ ಓಡುತ್ತಿದ್ದರು. ಅವನೂ ಪಳಗಿದ. ನಮ್ಮ ಗೇಟು ದಾಟುವ ತನಕ ಮೌನವಾಗಿ ನಡೆದು, ಮುಂದಿನ ಕಟ್ಟಡದ ಎದುರು ಎರಡು ಕಟ್ಟಡದ ಕೂಗನ್ನು ಒಟ್ಟಿಗೆ ಹಾಕುತ್ತಿದ್ದ.

ಮಾತು ಮಾತ್ರ ಅವರೊಳಗೆ ನಿಂತಿರಲಿಲ್ಲ. ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಾಗ ತುಟಿ ಆಡುತ್ತಲೇ ಇರುತ್ತಿತ್ತು, ದನಿ ಇರುತ್ತಿರಲಿಲ್ಲ. ಈ ಸುದ್ದಿ ತಿಳಿದ ನಮ್ಮ ಕನ್ನಡದವರು, ಅಕ್ಕೋರನ್ನು ನೋಡಿಬರಬೇಕಾದ ಕರ್ತವ್ಯವನ್ನೆಲ್ಲ ಬೆಳಗಿನ ಆ ಹೊತ್ತಿಗೇ ಇಟ್ಟುಕೊಂಡರು. ಬಂದು, ಕೈಮುಗಿದು, ಉಪ್ಪಿಟ್ಟು ತಿಂದು, ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಿದ್ದರು. ಅಕ್ಕೋರಿಗೆ ಇದು ತಿಳಿಯದೆ ಇರಲಿಲ್ಲ. ಒಮ್ಮೆ ನಾನು ಹೀಗೆಯೇ ಹೋಗಿ ಏಳುವಾಗ ಕೈಸನ್ನೆಯಲ್ಲಿ ಕೂರಿಸಿದರು. ಇನ್ನೊಂದು ತಟ್ಟೆ ಉಪ್ಪಿಟ್ಟು ಬಂತು. ಬಾಪಿ ಏಳುವ ತನಕ ಬಿಡಲಿಲ್ಲ. ಅವನು ಕೀಲಿ ತೆಗೆದುಕೊಂಡು ಬಾಗಿಲು ದಾಟಿದ ಮರುಕ್ಷಣ, "ಈಗ ಹೇಳ್ರಿ, ಎಲ್ಲಿಗಿ ಬಂದಿತ್ತು ನಮ್ಮ ನಾದಿನಿ ಲಗ್ನ?" ಅಂದರು. ಅವತ್ತು ನನ್ನ ಅರ್ಧ ದಿನದ ರಜೆ ಹೋಯಿತು.

ಬಾಪಿಯ ಕಣ್ಣಿನ ಸುತ್ತಲ ಕಪ್ಪು ತಿಳಿಯಾಗುತ್ತಾ ಬಂತು. ಮಧ್ಯಾಹ್ನ ವ್ಯಾನ್ ಹೊತ್ತಿಗೆ ಸರಿಯಾಗಿ ಗೇಟಿಗೆ ಬರುತ್ತಿತ್ತು. ಮಳೆ ಬಂದು ಗರಿಯಾಹಾಟಿನಲ್ಲಿ ಮೊಣಕಾಲುದ್ದ ನೀರು ನಿಂತ ದಿನ ತಡವಾಯಿತೇ ಹೊರತು, ನಿದ್ದೆಯಿಂದ ಮತ್ತೆಂದೂ ತಡವಾಗಲಿಲ್ಲ. ನಾವು ಆಫೀಸಿನಲ್ಲಿ ನೆಮ್ಮದಿಯಾಗಿ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದೆವು. ಆ ನೆಮ್ಮದಿಗೆ ನಾನು ಅವರಿಗೆ ಒಮ್ಮೆಯಾದರೂ ಬಾಯಿಬಿಟ್ಟು ಧನ್ಯವಾದ ಹೇಳಿದೆನೋ ಇಲ್ಲವೋ, ನೆನಪಿಲ್ಲ. ಹೇಳಲು ಹೋದರೂ ಅವರು ನಡುವೆ ಜಾಗ ಕೊಡುತ್ತಿರಲಿಲ್ಲ.

ಅಕ್ಕೋರು ಹೋದದ್ದು ಎದೆನೋವಿನಿಂದ, ಮಾತಿನ ನಡುವೆ. ಏನು ಹೇಳುತ್ತಿದ್ದರು ಅಂತ ಯಜಮಾನರನ್ನು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಶಿವಗಣಾರಾಧನೆಗೆ ಧಾರವಾಡದಿಂದ ನೆಂಟರು ಬಂದಿದ್ದರು. ಶಾಲೆಯ ದಿನ, ಬೆಳಗಿನ ಹೊತ್ತು. ಮುಂದಿನ ಕೋಣೆಯಲ್ಲಿ ಅಕ್ಕೋರ ಫೋಟೋ ಇಟ್ಟು, ಹೆಂಗಸರು ವಚನ ಹಾಡುತ್ತಿದ್ದರು. ಫೋಟೋದಲ್ಲೂ ಅವರ ಬಾಯಿ ತುಸು ತೆರೆದಿತ್ತು. ಮಕ್ಕಳನ್ನು ಬಿಟ್ಟು ಬಂದ ಬಾಪಿ ಬಾಗಿಲಲ್ಲಿ ಚಪ್ಪಲಿ ಕಳಚಿ, ಫೋಟೋಗೆ ಹೂ ಹಾಕಿ ನಮಸ್ಕಾರ ಮಾಡಿದ. ಆಮೇಲೆ ದಿನಾ ಚಾಪೆ ಹಾಸುತ್ತಿದ್ದ ಗೋಡೆಯ ಪಕ್ಕ ಕೂತ. ಸ್ವಲ್ಪ ಹೊತ್ತಿಗೆ ನೋಡಿದರೆ ತಲೆ ಗೋಡೆಗೆ ಒರಗಿದೆ, ಕಣ್ಣು ಮುಚ್ಚಿದೆ.

ಅಕ್ಕೋರ ತಮ್ಮನಿಗೆ ಇದು ಸರಿಬರಲಿಲ್ಲ. "ಯಾರ್ರೀ ಇವಾ? ಇಂಥಾ ಹೊತ್ತಿನ್ಯಾಗ ನಿದ್ದಿ ಹೊಡ್ಯಾಕತ್ತಾನ," ಅಂತ ಎಬ್ಬಿಸಲು ಕೈ ಚಾಚಿದರು.

ಕುರ್ಚಿಯಲ್ಲಿ ಕೂತಿದ್ದ ಯಜಮಾನರು ತುಟಿಯ ಮೇಲೆ ಬೆರಳಿಟ್ಟರು.

"ಎಬ್ಬಸಬ್ಯಾಡ್ರಿ," ಅಂದರು. ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಮಧ್ಯಾಹ್ನ ಹುಡುಗ್ರನ್ನ ಕರ್ಕೊಂಡು ಬರಬೇಕು ಅವಾ. ಆಕಿ ಇದ್ದಿದ್ರ ನಿಮಗ ಇಷ್ಟೊತ್ತಿಗೆ ಹೊರಗ ಹಾಕ್ತಿದ್ಲು."

ವಚನ ಹಾಡುತ್ತಿದ್ದವರು ದನಿ ತಗ್ಗಿಸಿ, ಆ ವಚನ ಮುಗಿಸಿ ನಿಲ್ಲಿಸಿದರು. ಒಳಗೆ ನೆಂಟರು ಯಾರೋ ಹಳೆಯ ಕುಕ್ಕರನ್ನು ಒಲೆಗೇರಿಸಿದ್ದರು, ಅದು ಸುಯ್ಯೆನ್ನತೊಡಗಿತು. ಸೀಟಿ ಹೊಡೆಯುವ ಮುಂಚೆಯೇ ನನ್ನ ಹೆಂಡತಿ ಓಡಿಹೋಗಿ ಗ್ಯಾಸ್ ಆರಿಸಿದಳು. ನಾವು ಅಷ್ಟು ಜನ ಆ ಸಣ್ಣ ಕೋಣೆಯಲ್ಲಿ ಸದ್ದಿಲ್ಲದೆ ಕೂತೆವು. ಗಲ್ಲಿಯಲ್ಲಿ ಮೀನಿನವನು ಕೂಗದೆ ಹಾದುಹೋದದ್ದು ಕಿಟಕಿಯಿಂದ ಕಂಡಿತು.

ಆಗ ಬಾಪಿ ನಿದ್ದೆಯಲ್ಲೇ, ಯಾರೋ ಏನೋ ಕೇಳಿದ ಹಾಗೆ, "ಹೂಂ" ಅಂದ.

ಸ್ವಲ್ಪ ತಡೆದು, ಯಜಮಾನರೂ "ಹೂಂ" ಅಂದರು. ಅವರು ಎಚ್ಚರವಾಗಿದ್ದರು.